ಟೈರು ಆಮೇಲೆ ನೋಡೋಣ ಸಾರ್

ಮದ್ದೂರಿನ ಹತ್ತಿರ ನಮ್ಮ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಊಟ, ಮಾತು, ಕುಂಕುಮ ಎಲ್ಲ ಮುಗಿಸಿ ಬೆಂಗಳೂರಿಗೆ ಹೊರಟಾಗ ಭಾನುವಾರ ಸಂಜೆ ಆರೂವರೆ ದಾಟಿತ್ತು. ನಮ್ಮನೆಯವರು ಕಾರು ಓಡಿಸುತ್ತಿದ್ದರು. ಪಕ್ಕದಲ್ಲಿ ನಾನು, ಹಿಂದೆ ಅತ್ತೆ ಮತ್ತು ಎಂಟು ವರ್ಷದ ಮಗಳು. ಡಿಕ್ಕಿಯಲ್ಲಿ ನಾದಿನಿ ಪ್ರೀತಿಯಿಂದ ತುಂಬಿಸಿದ ರಾಗಿ ಚೀಲ, ತೆಂಗಿನಕಾಯಿ, ಒಂದು ಬಾಳೆಗೊನೆ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ, ಚನ್ನಪಟ್ಟಣದ ಬೈಪಾಸಿನ ಮೇಲೆ ಹಿಂದಿನಿಂದ ದಡದಡ ಸದ್ದು ಶುರುವಾಯಿತು. ಕಾರು ಬಲಕ್ಕೆ ಎಳೆಯತೊಡಗಿತು. ಬಲಗಡೆಯ ಹಿಂದಿನ ಟೈರು ಪಂಕ್ಚರ್. ಇವರು ಗಾಬರಿಯಾಗದೆ ನಿಧಾನ ಮಾಡಿ ಎಡಕ್ಕೆ ತಂದು ನಿಲ್ಲಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ನಾವು ಮಾಡಿದ್ದೆಲ್ಲ ತಪ್ಪು.

ಎಲ್ಲರೂ ಕೆಳಗಿಳಿದೆವು. ಸ್ಟೆಪ್ನಿ ಇರುವುದು ಡಿಕ್ಕಿಯ ತಳದಲ್ಲಿ ಅಲ್ವಾ, ಹಾಗಾಗಿ ರಾಗಿ ಚೀಲವನ್ನು ಇಬ್ಬರೂ ಹಿಡಿದು ಇಳಿಸಿದೆವು. ತೆಂಗಿನಕಾಯಿಗಳನ್ನು ಒಂದೊಂದಾಗಿ ತೆಗೆದಿಟ್ಟೆವು. ಅತ್ತೆ ಕಾಲು ನೋವೆಂದು ಕಾರಿನ ಹಿಂದೆ, ಆ ಚೀಲದ ಮೇಲೆಯೇ ಕೂತರು. ಇವರು ಜಾಕಿ ಹಿಡಿದು ಬಲಗಡೆ ಕುಕ್ಕರಗಾಲಲ್ಲಿ ಕೂತರು. ಅಂದರೆ ಗಾಡಿಗಳು ಓಡುವ ಕಡೆಗೆ ಬೆನ್ನು. ಮಗಳು ಪಕ್ಕದಲ್ಲಿ ನಿಂತು ಮೊಬೈಲ್ ಟಾರ್ಚ್ ಹಿಡಿದಳು. ಅಪ್ಪನಿಗೆ ಸಹಾಯ ಮಾಡುತ್ತಿದ್ದೇನೆಂಬ ಖುಷಿ ಅವಳಿಗೆ. ನಾನೂ ಅವಳನ್ನು ಜಾಣೆ ಅಂದೆ. ಈಗ ಅದನ್ನು ನೆನೆದರೆ ಹೊಟ್ಟೆ ತೊಳಸುತ್ತದೆ.

ಕಾರಿನೊಳಗೆ ಕೂತಾಗ ನೂರರ ವೇಗ ಗೊತ್ತೇ ಆಗುವುದಿಲ್ಲ. ಕೆಳಗೆ ನಿಂತಾಗಲೇ ಅದು ಏನೆಂದು ತಿಳಿಯುವುದು. ಒಂದು ಲಾರಿ ಪಕ್ಕದಲ್ಲಿ ಹಾದುಹೋದರೆ ಜಾಕಿಯ ಮೇಲಿನ ಕಾರೇ ಅಲುಗಾಡುತ್ತಿತ್ತು. ನನ್ನ ಸೆರಗು ರಸ್ತೆಯ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು. ಗಂಟೆಗೆ 100 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 28 ಮೀಟರ್. ಚಾಲಕನಿಗೆ ಕಂಡು, ಅವನು ಬ್ರೇಕ್ ಒತ್ತಿ, ಗಾಡಿ ಪೂರ್ತಿ ನಿಲ್ಲಲು ನೂರು ಮೀಟರಿನಷ್ಟು ಜಾಗ ಬೇಕು. ಅವನು ಮೂರು ಸೆಕೆಂಡ್ ಮೊಬೈಲ್ ನೋಡಿದರೆ ಅಷ್ಟರಲ್ಲೇ 84 ಮೀಟರ್ ಮುಗಿದಿರುತ್ತದೆ. ಈ ಲೆಕ್ಕವನ್ನು ನಾನು ಹಾಕಿದ್ದು ಮನೆಗೆ ಬಂದ ಮೇಲೆ, ನಿದ್ದೆ ಬಾರದ ರಾತ್ರಿ.

ನಮ್ಮ ಅದೃಷ್ಟಕ್ಕೆ ಹೆದ್ದಾರಿ ಗಸ್ತಿನ ಗಾಡಿ ಬಂತು. ಮೇಲೆ ದೀಪ ಮಿನುಗುತ್ತಿದ್ದ ಆ ಗಾಡಿಯನ್ನು ನಮ್ಮ ಹಿಂದೆ ದೂರದಲ್ಲೇ ನಿಲ್ಲಿಸಿ, ಒಬ್ಬರು ಓಡಿ ಬಂದರು. ವಯಸ್ಸು ಐವತ್ತರ ಹತ್ತಿರ ಇರಬಹುದು. ಮೊದಲು ಮಗಳ ಕೈ ಹಿಡಿದರು.

‘ಟೈರು ಆಮೇಲೆ ನೋಡೋಣ ಸಾರ್. ಮೊದ್ಲು ಮಗೂನ, ಅಮ್ಮನ್ನ ಆ ಕಡೆ ಕರ್ಕೊಂಡು ಹೋಗಿ.’

ಆ ಕಡೆ ಅಂದರೆ ರಸ್ತೆಯಂಚಿನ ಕಬ್ಬಿಣದ ತಡೆಯ ಆಚೆಗೆ. ಅತ್ತೆಯನ್ನು ಇಬ್ಬರು ಸೇರಿ ದಾಟಿಸಿದೆವು. ‘ಪಾರ್ಕಿಂಗ್ ಲೈಟ್ ಹಾಕಿದ್ದೀವಲ್ಲ’ ಅಂದರು ನಮ್ಮನೆಯವರು. ಅದಕ್ಕೆ ಗಸ್ತಿನವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ಹಾಕಿದ್ದೀರಿ ಸಾರ್. ಆದ್ರೆ ನೀವೆಲ್ಲಾ ಅದಕ್ಕೆ ಅಡ್ಡ ನಿಂತಿದ್ದೀರಿ. ದೂರದಿಂದ ನಮಗೇ ಏನೂ ಕಾಣಲಿಲ್ಲ.’

ಹಿಂದೆ ಬರುವ ಗಾಡಿಗಳಿಗೆ ಎಚ್ಚರಿಕೆಯಾಗಿ ಇಡುವ ಕೆಂಪು ತ್ರಿಕೋನ ಎಲ್ಲಿ ಎಂದು ಕೇಳಿದರು. ಕಾರಿನ ಜೊತೆ ಕೊಟ್ಟಿದ್ದು ಇತ್ತು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಅದು ಸಿಕ್ಕಿದ್ದು ಸ್ಟೆಪ್ನಿಗಿಂತಲೂ ಕೆಳಗೆ. ಅದನ್ನು ಕಾರಿನಿಂದ ಕಡಿಮೆಯೆಂದರೂ 50 ಮೀಟರ್ ಹಿಂದೆ ಇಡಬೇಕಂತೆ, ವೇಗದ ರಸ್ತೆಯಲ್ಲಿ ಇನ್ನೂ ಹಿಂದೆ. ಇಡಲು ಹೋಗುವಾಗಲೂ ತಡೆಯ ಆಚೆಯಿಂದಲೇ ನಡೆಯಬೇಕು. ‘ಇನ್ನೊಂದ್ಸಲ ಹೀಗಾದ್ರೆ ಇಲ್ಲಿ ನಿಲ್ಲಿಸ್ಲೇಬೇಡಿ. ನಿಧಾನಕ್ಕೆ ಉರುಳಿಸ್ಕೊಂಡು ಹತ್ತಿರದ ಎಕ್ಸಿಟ್‌ಗೆ ಹೋಗಿಬಿಡಿ. ಟೈರು, ರಿಮ್ಮು ಹೋದ್ರೆ ಹೋಗ್ಲಿ. ಗಾಡಿ ಕದಲದೇ ಇದ್ರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.’ ಹೀಗೆ ಹೇಳುತ್ತಲೇ ಕೋನ್‌ಗಳನ್ನು ಸಾಲಾಗಿ ಇಟ್ಟು, ಜೊತೆಗಿದ್ದ ಹುಡುಗನನ್ನು ಬಾವುಟ ಹಿಡಿದು ನಿಲ್ಲಿಸಿ, ಹತ್ತು ನಿಮಿಷದಲ್ಲಿ ಟೈರು ಬದಲಿಸಿಕೊಟ್ಟರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಅತ್ತೆ ಬಲವಂತ ಮಾಡಿ ನಾಲ್ಕು ತೆಂಗಿನಕಾಯಿ ಕೊಟ್ಟರು.

ಈ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಇಲ್ಲಿ ಎಷ್ಟು ಅಪಘಾತಗಳಾದವು ಎಂಬುದು ಪೇಪರ್ ಓದುವ ಎಲ್ಲರಿಗೂ ನೆನಪಿರುತ್ತದೆ. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಸರ್ವಿಸ್ ರಸ್ತೆಗೆ ಕಳಿಸಿದರು. ಕ್ಯಾಮೆರಾಗಳು ಬಂದವು. ಸಾವುಗಳು ಕಡಿಮೆಯಾದವು. ಆದರೆ ಹೆದ್ದಾರಿಯ ಅಂಚಿನಲ್ಲಿ ಸುಮ್ನೆ ನಿಲ್ಲುವ ನಮ್ಮ ಅಭ್ಯಾಸಕ್ಕೆ ಯಾವ ಕ್ಯಾಮೆರಾ ಏನು ಮಾಡುತ್ತದೆ? ರಾಮನಗರದ ಬೆಟ್ಟ ಚೆನ್ನಾಗಿ ಕಾಣುತ್ತದೆಂದು ಫೋಟೊಗೆ ನಿಲ್ಲುತ್ತೇವೆ. ಫೋನ್ ಬಂತೆಂದು, ಮಗುವಿಗೆ ವಾಂತಿ ಬಂತೆಂದು, ಹಿಂದೆ ಬರುವ ಚಿಕ್ಕಪ್ಪನ ಕಾರು ಸೇರಿಕೊಳ್ಳಲೆಂದು ನಿಲ್ಲುತ್ತೇವೆ. ನಾವೂ ಎಷ್ಟೋ ಸಲ ನಿಂತಿದ್ದೇವೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ರಸ್ತೆ ಸಾರಿಗೆ ಸಚಿವಾಲಯ ಪ್ರತಿ ವರ್ಷ ಕೊಡುವ ಲೆಕ್ಕದಲ್ಲಿ ‘ನಿಂತ ವಾಹನಕ್ಕೆ ಡಿಕ್ಕಿ’ ಎಂದೇ ಬೇರೆ ಸಾಲಿದೆ. ಸಾಲಿನ ಎದುರು ಬರೀ ಸಂಖ್ಯೆ. ನನಗೆ ಅಲ್ಲಿ ಕಾಣುವುದು ರಾಗಿ ಚೀಲದ ಮೇಲೆ ಕೂತ ಒಬ್ಬ ಅಜ್ಜಿ, ಟಾರ್ಚ್ ಹಿಡಿದ ಒಂದು ಮಗು.

ಈಗ ನಮ್ಮ ಕಾರಿನಲ್ಲಿ ತ್ರಿಕೋನ ಮುಂದಿನ ಸೀಟಿನ ಕೆಳಗಿದೆ. ಊರಿಗೆ ಹೊರಡುವ ಮುಂಚೆ ಸ್ಟೆಪ್ನಿಯೂ ಸೇರಿ ಐದೂ ಟೈರಿಗೆ ಗಾಳಿ ನೋಡಿಸುತ್ತೇವೆ. ಅತ್ತೆಗೂ 1033 ಬಾಯಿಪಾಠ.

ಹೋದ ತಿಂಗಳು ಮತ್ತೆ ಮದ್ದೂರಿಗೆ ಹೋಗಿ ಬರುತ್ತಿದ್ದೆವು. ಬಿಡದಿ ಹತ್ತಿರ ಬರುವಾಗ ಅಂಚಿನಲ್ಲಿ ಒಂದು ಕಾರು. ಬಾನೆಟ್ ಎತ್ತಿತ್ತು. ಲೈಟಿಲ್ಲ, ತ್ರಿಕೋನವಿಲ್ಲ. ಕಾರಿನ ಹಿಂದೆ ಒಬ್ಬ ಹೆಂಗಸು, ಕಂಕುಳಲ್ಲಿ ಕೂಸು. ನಾವು ಅಲ್ಲಿ ನಿಂತಿದ್ದರೆ ಅಪಾಯ ಎರಡಾಗುತ್ತಿತ್ತು. ‘ಫೋನ್ ಮಾಡೇ, ಬೇಗ ಮಾಡು’ ಎಂದು ಅತ್ತೆ ನನ್ನ ಭುಜ ತಟ್ಟಿದರು. ಮಗಳು ಕಿಟಕಿಗೆ ಮುಖವಿಟ್ಟು ಕಿಲೋಮೀಟರ್ ಕಲ್ಲಿನ ನಂಬರ್ ಓದಿ ಹೇಳಿದಳು. ನಾನು ಯಾವ ಕಡೆಯ ರಸ್ತೆ, ಯಾವ ಬಣ್ಣದ ಕಾರು, ಕೈಗೂಸಿದೆ ಎಂದೆಲ್ಲ ಹೇಳಿದೆ. ಗಾಡಿ ಕಳಿಸುತ್ತೇವೆ ಮೇಡಂ ಅಂದರು. ಟೋಲ್ ದಾಟುವವರೆಗೂ ಅತ್ತೆ ಹಿಂದಿನ ಗಾಜಿನಿಂದ ಕಣ್ಣು ತೆಗೆಯಲಿಲ್ಲ.