ಪೈನ್‌ಹರ್ಸ್ಟ್ ನಂ. 2: ಹುಲ್ಲು ಕಿತ್ತು ಮರಳು ತಂದದ್ದು

ಅಮೆರಿಕದ ನಾರ್ತ್ ಕ್ಯಾರೊಲೈನಾದ ಈ ಗಾಲ್ಫ್ ಕೋರ್ಸನ್ನು ಡೊನಾಲ್ಡ್ ರಾಸ್ 1907ರಲ್ಲಿ ರೂಪಿಸಿ, 1948ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದರು. ಅಂಚಿನ ಮರಳು, ಒರಟು ಪೊದೆಗಳೇ ಅವರ ವಿನ್ಯಾಸದ ಜೀವ. ಮುಂದೆ ಅಲ್ಲೆಲ್ಲ ನೀರುಂಡ ಬರ್ಮುಡಾ ಹುಲ್ಲು ತುಂಬಿ, ಫೇರ್‌ವೇಗಳು (ಚೆಂಡು ಸಾಗಬೇಕಾದ, ಹುಲ್ಲು ಕತ್ತರಿಸಿದ ಹಾದಿಗಳು) ಕಿರಿದಾದವು.

2010ರಲ್ಲಿ ಗಾಲ್ಫ್ ಕೋರ್ಸ್ ವಿನ್ಯಾಸಕರಾದ ಬಿಲ್ ಕೂರ್, ಬೆನ್ ಕ್ರೆನ್‌ಶಾ ರಾಸ್ ಕಾಲದ ರೂಪವನ್ನು ಮರಳಿ ತರುವ ಕೆಲಸ ಶುರುಮಾಡಿದರು. 1943ರ ವೈಮಾನಿಕ ಚಿತ್ರಗಳು ಫೇರ್‌ವೇಗಳ ಹಳೆಯ ಅಗಲವನ್ನು ತೋರಿಸಿದವು. ಇನ್ನೊಂದು ಸಾಕ್ಷಿ ನೆಲದಡಿ ಇತ್ತು: ಫೇರ್‌ವೇ ನಡುವೆ ಹಾದುಹೋದ ಹಳೆಯ ನೀರಿನ ಪೈಪು. ಆ ಒಂದೇ ಸಾಲಿನ ಸ್ಪ್ರಿಂಕ್ಲರ್ ನೀರು ಎಲ್ಲಿಯವರೆಗೆ ಚಿಮ್ಮುತ್ತದೋ ಅಲ್ಲಿಗೆ ಹಸಿರು ನಿಲ್ಲಬೇಕು. ನನಗೆ ಇದಕ್ಕಿಂತ ನಂಬಿಕಸ್ಥ ನಕ್ಷೆ ಬೇರಿಲ್ಲ.

35 ಎಕರೆಗೂ ಹೆಚ್ಚು ಹುಲ್ಲುಹಾಸು ಕಿತ್ತರು. ಸ್ಪ್ರಿಂಕ್ಲರ್‌ಗಳು ಸುಮಾರು 1,150ರಿಂದ 450ಕ್ಕೆ ಇಳಿದವು. ರಫ್ (ಫೇರ್‌ವೇ ಪಕ್ಕದ ಉದ್ದ ಹುಲ್ಲು) ಪೂರ್ತಿ ಹೋಯಿತು; ಉಳಿದದ್ದು ಎರಡೇ ಕತ್ತರಿಕೆ ಎತ್ತರ, ಗ್ರೀನ್‌ಗೆ (ಕುಳಿಯ ಸುತ್ತಲಿನ ನುಣುಪು ಹಾಸಿಗೆ) ಒಂದು, ಮಿಕ್ಕೆಲ್ಲದಕ್ಕೆ ಒಂದು.

ಇಂಥ ಕೆಲಸ ಕೆಡುವುದು ಬೇರಿನಲ್ಲಿ. ಬರ್ಮುಡಾದ ನೆಲದಡಿಯ ಕಾಂಡದ ತುಣುಕು ಉಳಿದರೂ ಸಾಕು, ಮರಳಿನಲ್ಲಿ ಮತ್ತೆ ಚಿಗುರುತ್ತದೆ. ಆದ್ದರಿಂದ ಮೇಲಿನ ಹಾಸಿನ ಜೊತೆ ಬೇರಿನ ಪದರವನ್ನೂ ತೆಗೆಯಬೇಕು, ಕಳೆಯನ್ನು ವರ್ಷಗಟ್ಟಲೆ ಕೈಯಿಂದ ಕೀಳಬೇಕು. ಮರಳಿನಲ್ಲಿ ನೆಡುವ ಸ್ಥಳೀಯ ಗೊಂಚಲು ಹುಲ್ಲಾದ ವೈರ್‌ಗ್ರಾಸ್ ಬೀಜ ಬಿಟ್ಟು ತಾನೇ ಹರಡಲಿ ಎಂದು ಕಾಯುವಂತಿಲ್ಲ: ಬೆಳವಣಿಗೆಯ ಕಾಲದಲ್ಲಿ ಬೆಂಕಿ ತಾಗದಿದ್ದರೆ ಅದು ಹೂಬಿಡುವುದೇ ಅಪರೂಪ. ಹಾಗಾಗಿ ಇಲ್ಲಿ ಲಕ್ಷಗಟ್ಟಲೆ ಸಸಿ ನೆಟ್ಟರು, ಅದೂ ಸಾಲು ಹಿಡಿಯದೆ, ಚೆಲ್ಲಾಪಿಲ್ಲಿಯಾಗಿ.

2011ರಲ್ಲಿ ಕೋರ್ಸ್ ಮತ್ತೆ ತೆರೆಯಿತು. 2014ರಲ್ಲಿ ಪುರುಷರ, ಮಹಿಳೆಯರ ಯುಎಸ್ ಓಪನ್ ಗಾಲ್ಫ್ ಟೂರ್ನಿಗಳು ಇಲ್ಲೇ ಬೆನ್ನುಬೆನ್ನಿಗೆ ನಡೆದವು. ಗ್ರೀನ್‌ಗಳ ಹುಲ್ಲನ್ನು ಅಲ್ಟ್ರಾಡ್ವಾರ್ಫ್ ಬರ್ಮುಡಾಕ್ಕೆ (ತೀರಾ ಗಿಡ್ಡ ತಳಿಗೆ) ಬದಲಿಸಿದ್ದು ಆಮೇಲೆ.