‘ಜಿಡ್ಡು ಎಲ್ಲಿ ಕೂಡತೈತ್ರಿ ಅಕ್ಕಾರ?’

ಬಾಗಲಕೋಟೆಯ ನವನಗರದಲ್ಲಿ ನಾನು ಲ್ಯಾಬ್ ಕೆಲಸ ಮಾಡುತ್ತೇನೆ. ರಕ್ತದಲ್ಲಿರುವ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲ್ ರಿಪೋರ್ಟ್ ಕೈಗೆ ಬಂದ ಕೂಡಲೇ ಬಹಳ ಜನ ಕೇಳುವುದು ಒಂದೇ ಮಾತು: ‘ಅಕ್ಕಾರ, ನಳದಾಗ ಜಿಡ್ಡು ಕೂತಂಗ ಈ ಕೊಬ್ಬು ನರದಾಗ ಕೂಡತೈತೇನ್ರಿ?’

ಕೂಡುವುದು ನಿಜ. ಆದರೆ ಅದು ರಕ್ತನಾಳದ ಒಳಮೈಗೆ ಮೆತ್ತಿಕೊಳ್ಳುವುದಿಲ್ಲ, ಅದರ ಗೋಡೆಯೊಳಗೇ ಇಳಿಯುತ್ತದೆ. ಹಳೇ ಮನೆಯ ಗೋಡೆ ಥಂಡಿ ಹಿಡಿದು ಒಳಗಿಂದ ಉಬ್ಬುತ್ತದಲ್ವಾ, ಹಾಗೆ.

ರಕ್ತದ ಟ್ಯೂಬನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರ ನಿಂತ ಮೇಲೆ ಟ್ಯೂಬಿನ ತಳದಲ್ಲಿ ರಕ್ತ ಗಟ್ಟಿಯಾಗಿ ಕೂತು, ಮೇಲೆ ಸೀರಂ ಅನ್ನುವ ತಿಳಿ ಹಳದಿ ದ್ರವ ನಿಲ್ಲುತ್ತದೆ. ಕೆಲವರದ್ದು ಮಾತ್ರ ಹಾಲಿನಂತೆ ಬೆಳ್ಳಗೆ. ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ತುಂಬಿದ ದೊಡ್ಡ ಕಣಗಳ ಬಣ್ಣ ಅದು. ನೋಡಿದರೆ ಗಾಬರಿಯಾಗುತ್ತದೆ. ಅದು ತೀರಾ ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆದರೆ ಅಷ್ಟು ದೊಡ್ಡ ಕಣ ರಕ್ತನಾಳದ ಗೋಡೆಗೆ ನುಗ್ಗಲಾರದು. ಅದು ಕರಗಿ ಸಣ್ಣದಾಗಿ ಉಳಿದ ಚೂರು ನುಗ್ಗುತ್ತದೆ.

ನನಗೆ ಹೆಚ್ಚು ಭಯ ತಿಳಿಯಾದ ಟ್ಯೂಬಿನದು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣ 20ರಿಂದ 25 ನ್ಯಾನೋಮೀಟರ್ ಅಷ್ಟೇ. ಒಂದು ಮಿಲಿಮೀಟರ್ ಜಾಗದಲ್ಲಿ 40 ಸಾವಿರ ಕಣ ಸಾಲಾಗಿ ನಿಲ್ಲಬಹುದು. ಎಷ್ಟೇ ಜಾಸ್ತಿಯಿದ್ದರೂ ಸೀರಂ ತಿಳಿಯಾಗೇ ಇರುತ್ತದೆ.

ಈ ಕಣ ಒಳಪದರ ದಾಟಿ ಗೋಡೆಯ ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಕೂತು ಆಕ್ಸಿಡೀಕರಣವಾಗಿ ಕೆಡುತ್ತದೆ. ಕೆಟ್ಟದ್ದನ್ನು ತೆಗೆಯಲು ಬಿಳಿ ರಕ್ತಕಣಗಳು ಬರುತ್ತವೆ. ಸಾಕು ಅನ್ನುವುದು ಅವಕ್ಕೆ ಗೊತ್ತಿಲ್ಲ. ತಿಂದೂ ತಿಂದೂ ನೊರೆ ತುಂಬಿದಂತೆ ಉಬ್ಬಿ ಅಲ್ಲೇ ಸಾಯುತ್ತವೆ. ನಡುಪದರದ ಸ್ನಾಯುಕೋಶಗಳು ಬಂದು ಅದರ ಮೇಲೆ ನಾರಿನ ಮುಚ್ಚಳ ಹೆಣೆಯುತ್ತವೆ. ಇದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ಮೊದಮೊದಲು ಗೋಡೆ ಹೊರಕ್ಕೆ ಹಿಗ್ಗುವುದರಿಂದ ದಾರಿ ತೆರೆದೇ ಇರುತ್ತದೆ, ನೋವೂ ಇಲ್ಲ, ಸುಸ್ತೂ ಇಲ್ಲ. ಒಂದು ದಿನ ಆ ಮುಚ್ಚಳ ತೆಳುವಾಗಿ ಹರಿದರೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ದಾರಿ ಮುಚ್ಚಬಹುದು. ‘ಹೋದ ತಿಂಗಳ ಇಸಿಜಿ ಚಲೋ ಇತ್ತಲ್ರಿ’ ಅಂತ ಮನೆಯವರು ಅಳುವುದು ಇದಕ್ಕೇ. ಮಲಗಿಸಿ ತೆಗೆದ ಇಸಿಜಿಗೆ ಗೋಡೆಯೊಳಗಿನದ್ದು ಕಾಣುವುದಿಲ್ಲ.

ಇನ್ನು ಶೇಂಗಾ ಎಣ್ಣೆ, ಶೇಂಗಾ ಹಿಂಡಿ. ಶೇಂಗಾದಲ್ಲಿ ಕೊಲೆಸ್ಟ್ರಾಲ್ ಇಲ್ಲವೆನ್ನುವಷ್ಟು ಕಡಿಮೆ, ಗಿಡದ ಯಾವ ಎಣ್ಣೆಯಲ್ಲೂ ಹೆಸರಿಗಷ್ಟೇ ಇರುತ್ತದೆ. ರೊಟ್ಟಿ ಜೊತೆಗಿನ ಹಿಂಡಿಗೆ ಹೆದರಬೇಡಿ. ಡಾಲ್ಡಾ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಭಜಿ, ಬೀಡಿ, ತಂಬಾಕು, ಇವನ್ನು ಬಿಡಿ.

ಊಟ ಬದಲಿಸಿದರೂ ಕೆಲವರದು ಇಳಿಯುವುದೇ ಇಲ್ಲ. ಗುಳೇದಗುಡ್ಡದಿಂದ ಒಬ್ಬ ನೇಕಾರಣ್ಣ ಬಂದಿದ್ದರು. ಕಡ್ಡಿಯಂತೆ ತೆಳ್ಳಗೆ, ಸೀರಂ ನೀರಿನಷ್ಟು ತಿಳಿ, ಎಲ್‌ಡಿಎಲ್ ಮಾತ್ರ 212, ಬಹಳ ಜಾಸ್ತಿ. ‘ನಾ ತಿನ್ನೂದ ಎರಡ ರೊಟ್ಟಿರಿ’ ಅಂದರು. ಅವರ ಅಣ್ಣ 44ಕ್ಕೇ ಹಾರ್ಟ್ ಅಟ್ಯಾಕ್‌ನಲ್ಲಿ ಹೋಗಿದ್ದರು. ಎಲ್‌ಡಿಎಲ್ ಹಿಡಿದು ಒಳಗೆಳೆದುಕೊಳ್ಳುವ ರಿಸೆಪ್ಟರ್‌ಗಳು ಲಿವರ್ ಮೇಲಿರುತ್ತವೆ. ಅವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಈ ರಿಸೆಪ್ಟರ್‌ಗಳು ಕಡಿಮೆ, ಹಾಗಾಗಿ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ತಂದೆಗೋ ತಾಯಿಗೋ ಈ ದೋಷ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆ ನೇಕಾರಣ್ಣನಿಗೂ ಹಾಗೇ ಇರಬಹುದು ಅಂತ ನನಗನಿಸಿತು. ಇವತ್ತೇ ಡಾಕ್ಟರಿಗೆ ರಿಪೋರ್ಟ್ ತೋರಿಸಿ ಅಂದೆ.

ಅವರು ಬಾಗಿಲ ತನಕ ಹೋಗಿ ತಿರುಗಿ ಬಂದರು. ‘ಹುಡುಗಗ ಹನ್ನೊಂದು ನಡದೈತ್ರಿ. ಅವಂದೂ ನೋಡಬೇಕೇನ್ರಿ ಅಕ್ಕಾರ?’ ಹೂಂ ಅಣ್ಣಾರ, ಕರ್ಕೊಂಡ ಬರ್ರಿ ಅಂದೆ. ಮುಂದಿನ ಸೋಮವಾರ ಶಾಲೆ ಯೂನಿಫಾರ್ಮ್‌ನಲ್ಲೇ ಬಂದ ಹುಡುಗ, ಸೂಜಿ ನೋಡಿ ಅಪ್ಪನ ಕೈ ಹಿಡಿದುಕೊಂಡ.