ಮೋಟರ್‌ಹೋಮ್‌ನಲ್ಲಿ ಏನೇನು ಇರಲೇಬೇಕು ಅಂತ ಕೇಳುವವರಿಗೆ

ಹಾಸನದಲ್ಲಿ ನಮ್ಮ ಮನೆ ಮುಂದೆ ಒಂದು ಮೋಟರ್‌ಹೋಮ್ ನಿಂತಿರುತ್ತದೆ. ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ. ಅದನ್ನು ಓಡಿಸುವವಳು ನಾನು. ಹಾಗಾಗಿ ಪೆಟ್ರೋಲ್ ಬಂಕಿನಲ್ಲಿ, ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ನನಗೆ ಬರುವ ಪ್ರಶ್ನೆ ಒಂದೇ: "ನಾವೂ ಒಂದು ತಗೋಬೇಕು ಅಂತಿದ್ದೀವಿ. ಏನೇನು ಇರಲೇಬೇಕು ಹೇಳಿ." ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಾಗಿರುವುದಿಲ್ಲ. ಅವರ ಹತ್ತಿರ ಆಗಲೇ ಒಂದು ಪಟ್ಟಿ ಇರುತ್ತದೆ. ದೊಡ್ಡ ಟಿವಿ, ಏಸಿ, ಮೈಕ್ರೋವೇವ್, ಬಣ್ಣ ಬದಲಾಗುವ ಲೈಟು, ಹೊರಗಡೆ ಸ್ಪೀಕರ್. ನಾನು ಹೂಂ ಅನ್ನಬೇಕು, ಅಷ್ಟೇ. ನಾನು ಅನ್ನುವುದಿಲ್ಲ. ಆಗ, "ನಿಮಗೇನು, ನಿಮ್ಮ ಹತ್ತಿರ ಇದೆ, ಹೇಳ್ತೀರ" ಅನ್ನುತ್ತಾರೆ. ನಮ್ಮ ಗಾಡಿಯಲ್ಲಿ ಟಿವಿಯೂ ಇಲ್ಲ, ಏಸಿಯೂ ಇಲ್ಲ. ಬೇಕಾದರೆ ಬಂದು ನೋಡಿ.

ಇನ್ನು ಕೆಲವರು ಕೇಳುವ ರೀತಿಗೇ ನನಗೆ ಸಿಟ್ಟು ಬರುತ್ತದೆ. "ಹಳೇ ಟಿಟಿ ಒಂದಿದೆ, ಅದಕ್ಕೆ ಏನೇನು ಹಾಕಿಸಲಿ?" ಟಿಟಿ ಅಂದರೆ ಟೆಂಪೋ ಟ್ರಾವೆಲರ್. ಹಾಕಿಸುವುದು ಅಂದರೆ ವೆಲ್ಡಿಂಗ್ ಶಾಪಿಗೆ ಬಿಟ್ಟು, ಸೀಟು ಕಿತ್ತು, ಮಂಚ ಕೂರಿಸುವುದು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರಕ್ಕೂ ಕಂಪನಿ ಮೂಲದಲ್ಲಿ ಮಾಡಿದ್ದಕ್ಕೂ ತಾಳೆಯಾಗದ ಹಾಗೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. ಮೋಟರ್‌ಹೋಮ್‌ಗೆ ನಮ್ಮ ದೇಶದಲ್ಲಿ ಬೇರೆಯೇ ಒಂದು ಮಾನದಂಡ ಇದೆ, ಎಐಎಸ್ 124 ಅಂತ. ಕೂರಲು ಸೀಟು, ಟೇಬಲ್, ಮಲಗುವ ವ್ಯವಸ್ಥೆ, ಅಡುಗೆ ಮಾಡುವ ವ್ಯವಸ್ಥೆ, ಸಾಮಾನು ಇಡುವ ಜಾಗ, ಇಷ್ಟಾದರೂ ಇರಬೇಕು. ಟೇಬಲ್ ತೆಗೆದಿಡುವಂಥದ್ದಾದರೂ ಆಗುತ್ತದೆ, ಮಿಕ್ಕಿದ್ದು ಗಾಡಿಗೆ ಭದ್ರವಾಗಿ ಕೂತಿರಬೇಕು. ಕಾನೂನು ಕೇಳುವ ಪಟ್ಟಿ ಅದು. ಅದರಲ್ಲಿ ಟಿವಿ ಇಲ್ಲ, ಗಮನಿಸಿ. ಹಾಗಾಗಿ ಹಣ ಕೊಡುವ ಮುಂಚೆ ಆರ್‌ಸಿ ನೋಡಿ. ಅದರಲ್ಲಿ ಮೋಟರ್ ಕ್ಯಾರವಾನ್ ಅಂತ ಇರಬೇಕು, ಮೋಟರ್‌ಹೋಮ್‌ಗೆ ಕಾನೂನಿನಲ್ಲಿ ಇರುವ ಹೆಸರು ಅದು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಎತ್ತುವ ಮೊದಲ ಮಾತು ಅದೇ ಆಗಬಹುದು.

ಆರ್‌ಸಿ ನೋಡುವಾಗಲೇ ಸೀಟಿನ ಲೆಕ್ಕವನ್ನೂ ನೋಡಿ. "ಆರು ಜನ ಮಲಗಬಹುದು" ಅಂತ ಮಾರುವವರು ಹೇಳುತ್ತಾರೆ. ಮಲಗುವುದು ನಿಂತ ಗಾಡಿಯಲ್ಲಿ. ಓಡುವ ಗಾಡಿಯಲ್ಲಿ ಎಷ್ಟು ಜನಕ್ಕೆ ಬೆಲ್ಟ್ ಇರುವ, ಮುಂದಕ್ಕೆ ಮುಖ ಮಾಡಿದ ಸೀಟು ಇದೆ? ನಾಲ್ಕೇ ಇದ್ದರೆ ಅದು ನಾಲ್ಕು ಜನರ ಗಾಡಿ. ಮಕ್ಕಳನ್ನು ಹಿಂದಿನ ಮಂಚದ ಮೇಲೆ ಮಲಗಿಸಿಕೊಂಡು ಶಿರಾಡಿ ಘಾಟಿ ಇಳಿಯುವವರನ್ನು ನೋಡಿದ್ದೇನೆ. ಆ ತಿರುವಿನಲ್ಲಿ ಒಂದು ಲಾರಿ ಅಡ್ಡ ಬಂದು ಬ್ರೇಕ್ ಒತ್ತಿದರೆ ಆ ಮಗು ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ಒಂದು ಸಲ ಯೋಚಿಸಿ.

ಚಿಕ್ಕಮಗಳೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಆಗಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಚಿಕ್ಕಮ್ಮನ ಮಗ ಪಕ್ಕಕ್ಕೆ ಬಂದು ಕೂತ. ಅವನೂ ಮೋಟರ್‌ಹೋಮ್ ಬುಕ್ ಮಾಡುವ ಹುರುಪಿನಲ್ಲಿದ್ದ. "ಅಕ್ಕಾ, ಏನೂ ಮಿಸ್ ಆಗಬಾರದು" ಅಂತ ಫೋನ್ ತೆಗೆದು ಒಂದೊಂದೇ ಓದಿದ. ತುಂಬಾ ಉದ್ದದ ಪಟ್ಟಿ. ಸುಮ್ನೆ ಕೇಳಿಸಿಕೊಂಡೆ. ಮುಗಿದ ಮೇಲೆ, "ಯಾರ್ಯಾರು ಹೋಗ್ತೀರೋ?" ಅಂದೆ. ಅವನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಚಿಕ್ಕಮ್ಮ ಅಲ್ಲೇ ಗೋಡೆಗೆ ಒರಗಿ ಮಂಡಿ ಚಾಚಿಕೊಂಡು ಕೂತಿದ್ದರು. ಅಷ್ಟು ಹೊತ್ತು ಮಾತಾಡದೆ ಇದ್ದವರು ಮೆಲ್ಲಗೆ ನನ್ನ ಕಡೆ ತಿರುಗಿ, "ಅಲ್ಲ ಕಣೇ, ಹತ್ತೋಕೆ ಮೆಟ್ಟಿಲು ಎಷ್ಟು ಎತ್ತರ ಇರುತ್ತೆ?" ಅಂತ ಕೇಳಿದರು. ಆಮೇಲೆ ಇನ್ನೂ ಮೆಲ್ಲಗೆ, "ರಾತ್ರಿ ಎದ್ದರೆ ಎಲ್ಲಿಗೆ ಹೋಗೋದು?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳದೇ ಇದ್ದ ಎರಡು ಒಳ್ಳೆ ಪ್ರಶ್ನೆಗಳು ಅವು. ಮಗನ ಪಟ್ಟಿಯಲ್ಲಿ ಅವೆರಡೂ ಇರಲಿಲ್ಲ. ಅವನು ಕೆಟ್ಟವನಲ್ಲ, ಅಮ್ಮ ಅಂದರೆ ಪ್ರಾಣ ಅವನಿಗೆ. ಆದರೆ ಗಾಡಿ ತೋರಿಸುವವರು ಎತ್ತಿ ಹೇಳುವುದು ಗಟ್ಟಿಮುಟ್ಟಾದ ಮೂವತ್ತು ವರ್ಷದ ಗಂಡಸಿಗೆ ಇಷ್ಟವಾಗುವುದನ್ನೇ. ನೋಡುವವರೂ ಅದನ್ನೇ ನೋಡಿ ಬರುತ್ತಾರೆ.

ಹಾಗಾಗಿ ನನ್ನ ಉತ್ತರ ಅಲ್ಲಿಂದಲೇ ಶುರು. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕಷ್ಟಪಟ್ಟು ನಡೆಯುವವರು ಯಾರೋ ಅವರನ್ನು ಗಾಡಿ ನೋಡಲು ಕರೆದುಕೊಂಡು ಹೋಗಿ. ಮನೆಯ ಮೆಟ್ಟಿಲು ಆರೇಳು ಇಂಚು ಎತ್ತರ ಇರುತ್ತದೆ. ವ್ಯಾನಿನ ಮೊದಲ ಮೆಟ್ಟಿಲು ನೆಲದಿಂದ ಒಂದೂಕಾಲು, ಒಂದೂವರೆ ಅಡಿ ಮೇಲೆ ಇದ್ದರೆ ಮಂಡಿ ನೋವಿರುವವರು ಪ್ರತಿ ಸಲವೂ ಇನ್ನೊಬ್ಬರ ಕೈ ಹಿಡಿಯಬೇಕು. ಎರಡು ಸಲ ಹಿಡಿಯುತ್ತಾರೆ, ಮೂರನೇ ಸಲ "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅನ್ನುತ್ತಾರೆ. ಹೊರಗೆ ಚಾಚಿಕೊಳ್ಳುವ ಒಂದು ಮೆಟ್ಟಿಲು, ಬಾಗಿಲಿನ ಎರಡೂ ಕಡೆ ಹಿಡಿಕೆ. ಇದು ಇರಲೇಬೇಕಾದದ್ದು. ಹಾಗೇ ಮಂಚದ ಎತ್ತರ. ಏಣಿ ಹತ್ತಿ ಮಲಗುವುದು ಮಕ್ಕಳಿಗೆ ಖುಷಿ, ದೊಡ್ಡವರಿಗೆ ಶಿಕ್ಷೆ.

ಎರಡನೆಯದು ಟಾಯ್ಲೆಟ್. ಇದರಲ್ಲಿ ನನ್ನ ಹತ್ತಿರ ವಾದ ಮಾಡಬೇಡಿ. "ಅದ್ಯಾಕೆ, ದಾರಿಯಲ್ಲಿ ಹೋಟೆಲ್ ಇರುತ್ತಲ್ಲ" ಅನ್ನುವವರು ಎಲ್ಲರೂ ಗಂಡಸರು. ಜುಲೈ ತಿಂಗಳಲ್ಲಿ, ಕೊಟ್ಟಿಗೆಹಾರದ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ ಹೆಂಗಸರು ಯಾವ ಹೋಟೆಲಿಗೆ ಹೋಗಬೇಕು? ಕಾಲಿಟ್ಟಲ್ಲೆಲ್ಲ ಇಂಬಳ, ಅಂದರೆ ಜಿಗಣೆ. ಕತ್ತಲು. ಈ ಭಯಕ್ಕೇ ಸಾಯಂಕಾಲದಿಂದ ನೀರು ಕುಡಿಯುವುದನ್ನೇ ಬಿಡುವ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಸ್ನಾನದ ಮನೆ ಬೇಡ, ಬಿಡಿ. ಸ್ನಾನ ಎಲ್ಲಾದರೂ ಆಗುತ್ತದೆ. ಲಾಡ್ಜಿನಲ್ಲಿ ಒಂದು ಗಂಟೆಗೆ ರೂಮ್ ಕೊಡುತ್ತಾರೆ, ಯಾತ್ರಿ ನಿವಾಸಗಳಲ್ಲಿ ಬಿಸಿನೀರು ಸಿಗುತ್ತದೆ. ಟಾಯ್ಲೆಟ್ ಮಾತ್ರ ಗಾಡಿಯೊಳಗೆ, ಬಾಗಿಲು ಹಾಕಿಕೊಳ್ಳುವ ಹಾಗೆ ಇರಬೇಕು.

ಕೆಳಗಿನ ಡಬ್ಬಿಯನ್ನು ಎಳೆದು ಹೊರಗೆ ಒಯ್ದು ಖಾಲಿ ಮಾಡುವ ಕ್ಯಾಸೆಟ್ ಟಾಯ್ಲೆಟ್ ನಮ್ಮ ಕಡೆಗೆ ಸರಿ. ಡಬ್ಬಿ ಸಾಮಾನ್ಯವಾಗಿ ಇಪ್ಪತ್ತು ಲೀಟರ್ ಆಸುಪಾಸು ಇರುತ್ತದೆ. ಇಬ್ಬರಿಗೆ ಎರಡು ದಿನ ಬರುತ್ತದೆ, ಐದು ಜನ ಇದ್ದರೆ ದಿನವೂ ಖಾಲಿ ಮಾಡಬೇಕು. ಎಲ್ಲಿ ಖಾಲಿ ಮಾಡುವುದು? ಲಾಡ್ಜಿನವರನ್ನೋ ಬಂಕಿನವರನ್ನೋ ಕೇಳಿ, ಅವರು ಒಪ್ಪಿದರೆ ಅವರ ಟಾಯ್ಲೆಟ್ಟಿಗೆ. ಇಲ್ಲದಿದ್ದರೆ ಮನೆಗೆ ತಂದು. ಹಳ್ಳಕ್ಕೆ ಖಂಡಿತ ಅಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಸಕಲೇಶಪುರದ ಮೇಲೆ ಹರಿದು ಗೊರೂರು ಡ್ಯಾಮಿಗೆ ಬರುವ ನೀರು ಅದು. ತೋಟದ ಪಕ್ಕದ ಝರಿ ಚೆನ್ನಾಗಿದೆ ಅಂತ ಅಲ್ಲೇ ಗಾಡಿ ನಿಲ್ಲಿಸಿ ಅದಕ್ಕೇ ಡಬ್ಬಿ ಸುರಿಯುವವರಿಗೆ ಗಾಡಿ ಕೊಡಲೇಬಾರದು. ಫಾರ್ಮಾಲ್ಡಿಹೈಡ್ ಇರುವ ದ್ರಾವಣವನ್ನೂ ಬಳಸಬೇಡಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆ ಕರಗಿಸುವ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುತ್ತದೆ. ಜಾಗ ಕೊಟ್ಟವರಿಗೆ ನಾವು ಮಾಡುವ ಉಪಕಾರ ಅದಲ್ಲ.

ಕರೆಂಟಿನ ವಿಷಯಕ್ಕೆ ಬರೋಣ, ಏಸಿ ಪ್ರಶ್ನೆ ಇಲ್ಲೇ ಮುಗಿದುಹೋಗುತ್ತದೆ. ಹಾಸನದವರಿಗೆ ಚೆಸ್ಕಾಂ ಬಿಲ್ಲಿನಲ್ಲಿ, ಚಿಕ್ಕಮಗಳೂರಿನವರಿಗೆ ಮೆಸ್ಕಾಂ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್ಟಿನಲ್ಲಿ ಲೆಕ್ಕ ಹಾಕಿ. 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು ಒಂದು ಯೂನಿಟ್ ಬಳಸಲು ಸಿಗುತ್ತದೆ. ಅಷ್ಟೇ ದೊಡ್ಡ ಹಳೇ ಮಾದರಿ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದು ಬೇಗ ಹಾಳಾಗುತ್ತದೆ, ಹಾಗಾಗಿ ಸಿಗುವುದು ಅರ್ಧ ಯೂನಿಟ್ ಸ್ವಲ್ಪ ಮೇಲೆ. ಒಂದು ಟನ್ ಏಸಿ ಓಡುವಾಗ ಸುಮಾರು 1,000 ವಾಟ್ ಎಳೆಯುತ್ತದೆ. ಅಂದರೆ ಆ ಬ್ಯಾಟರಿ ಒಂದು ಗಂಟೆಗೆ ಖಾಲಿ. ರಾತ್ರಿಯಿಡೀ ಓಡಿಸಬೇಕಾದರೆ ಎಷ್ಟು ಬ್ಯಾಟರಿ, ಎಷ್ಟು ತೂಕ, ಎಷ್ಟು ದುಡ್ಡು, ನೀವೇ ಲೆಕ್ಕ ಹಾಕಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ. ಇಲ್ಲಿ ರಾತ್ರಿ ಏಸಿ ಯಾಕೆ? ಏಪ್ರಿಲ್ಲಿನಲ್ಲಿ ಉಡುಪಿ, ಮಂಗಳೂರು ಕಡೆಗೇ ಜಾಸ್ತಿ ಹೋಗುವವರಾದರೆ ಬೇರೆ ಮಾತು. ಅಂಥವರು ಹೊರಗಿನಿಂದ ಕರೆಂಟ್ ತೆಗೆದುಕೊಳ್ಳುವ ಪ್ಲಗ್ ಇಟ್ಟುಕೊಂಡು ರೆಸಾರ್ಟಿನಲ್ಲೋ ಹೋಂಸ್ಟೇಯಲ್ಲೋ ನಿಲ್ಲಿಸಲಿ.

ನನಗೆ ಬೇಕಾದದ್ದು ಫ್ಯಾನು, ಎಲ್‌ಇಡಿ ಲೈಟು, ಫೋನ್ ಚಾರ್ಜು, ಒಂದು ಚಿಕ್ಕ ಫ್ರಿಜ್ಜು. ಎಲ್ಲಾ ಸೇರಿ ದಿನಕ್ಕೆ ಒಂದು ಯೂನಿಟ್ಟಿನ ಒಳಗೆ ಮುಗಿಯುತ್ತದೆ. ಛಾವಣಿಯ ಸೋಲಾರ್ ಬೇಸಿಗೆಯಲ್ಲಿ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ನಂಬಿದರೆ ಕೆಟ್ಟೆವು. ಅದಕ್ಕೇ ಗಾಡಿ ಓಡುವಾಗ ಎಂಜಿನ್ನಿನಿಂದ ಈ ಲೈಟು, ಫ್ಯಾನಿನ ಬ್ಯಾಟರಿ ತುಂಬುವ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು. 30 ಆಂಪಿಯರಿನದ್ದಾದರೆ ಮೂರು ಗಂಟೆ ಓಡಿಸಿದರೆ ಹೆಚ್ಚು ಕಡಿಮೆ ಆ ಒಂದು ಯೂನಿಟ್ ವಾಪಸ್.

ಗ್ಯಾಸ್ ಬಗ್ಗೆ ಎರಡೇ ಮಾತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಗೂಡು ಒಳಗಿನಿಂದ ಪೂರ್ತಿ ಮುಚ್ಚಿರಬೇಕು, ಅದರ ತಳದಲ್ಲಿ ಹೊರಕ್ಕೆ ತೂತು ಇರಬೇಕು. ಎರಡನೆಯದು, ಚಳಿ ಅಂತ ಅಗ್ಗಿಷ್ಟಿಕೆಯನ್ನು ಗಾಡಿಯೊಳಗೆ ತರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಅದನ್ನು ಪತ್ತೆ ಮಾಡಿ ಕೂಗುವ ಒಂದು ಚಿಕ್ಕ ಅಲಾರ್ಮ್ ಗೋಡೆಯಲ್ಲಿ ಇರಲಿ.

ನಮ್ಮ ಕಡೆಯವರಿಗೆ ಮಾತ್ರ ಹೇಳುವ ಮಾತು ಬೂಷ್ಟಿನದ್ದು. ಬಯಲುಸೀಮೆಯಲ್ಲಿ ಗಾಡಿ ಕಟ್ಟುವವರಿಗೆ ಇದು ಅರ್ಥವೇ ಆಗುವುದಿಲ್ಲ. ನಾಲ್ಕು ಜನ ಕಿಟಕಿ ಮುಚ್ಚಿಕೊಂಡು ಮಲಗಿದರೆ ಉಸಿರಿನ ನೀರೆಲ್ಲ ತಗಡಿಗೆ ಹತ್ತಿ ಬೆಳಿಗ್ಗೆ ತೊಟ್ಟಿಕ್ಕುತ್ತದೆ. ಮೂರು ತಿಂಗಳ ಮಳೆ ಕಳೆಯುವಷ್ಟರಲ್ಲಿ ಹಾಸಿಗೆಯ ಅಡಿಭಾಗ ಹಸಿರು. ಮಳೆ ಬರುವಾಗಲೂ ತೆರೆದಿಡಬಹುದಾದ, ಮೇಲೆ ಮುಚ್ಚಳ ಇರುವ ಛಾವಣಿ ಫ್ಯಾನ್ ಬೇಕು. ಹಾಸಿಗೆ ಕೆಳಗೆ ಹಲಗೆ ಹಲಗೆಯಾಗಿ ಸಂದು ಬಿಟ್ಟಿರಬೇಕು. ಕಪಾಟಿಗೆಲ್ಲ ನೀರು ತಡೆಯುವ 710 ಗ್ರೇಡಿನ ಪ್ಲೈವುಡ್. ಸಾದಾ ಪಾರ್ಟಿಕಲ್ ಬೋರ್ಡ್ ಎಷ್ಟೇ ಹೊಳೆಯಲಿ, ಸಕಲೇಶಪುರದ ಒಂದು ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬುತ್ತದೆ.

ಈಗ ನನಗೆ ಯಾರಾದರೂ ಕೇಳಲಿ ಅಂತ ಆಸೆ ಇರುವ ಪ್ರಶ್ನೆ. ರಾತ್ರಿ ಎಲ್ಲಿ ನಿಲ್ಲಿಸ್ತೀರಿ?

ಇದಕ್ಕೆ ಉತ್ತರ ಗೊತ್ತಿಲ್ಲದೆ ಗಾಡಿ ಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಚಿಂತೆಯಾಗುತ್ತದೆ. ಜಾಹೀರಾತಿನಲ್ಲಿ ಗಾಡಿ ಬೆಟ್ಟದ ತುದಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಇಲ್ಲಿ ಹಾಗೆ ನಿಲ್ಲಲು ಆಗುವುದಿಲ್ಲ. ಅರಣ್ಯದ ಜಾಗದಲ್ಲಿ ಅನುಮತಿ ಇಲ್ಲದೆ ತಂಗುವಂತಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆ ತೋಟದೊಳಗೇ ಓಡಾಡುತ್ತದೆ. ಅಲ್ಲಿನ ಜನ ಎಚ್ಚರಿಕೆಯ ಸಂದೇಶ ನೋಡಿಕೊಂಡು ಕೆಲಸಕ್ಕೆ ಹೋಗುವ ದಿನಗಳು ಇವೆ. ಅಂಥ ಕಡೆ ಗಾಡಿ ನಿಲ್ಲಿಸಿ, ಬಾಳೆಗೊನೆ, ಹಲಸಿನ ಹಣ್ಣು ಹೊರಗಿಟ್ಟು, ಸ್ಪೀಕರ್ ಹಾಕಿಕೊಂಡು ಕೂರುವುದು ಸಾಹಸವಲ್ಲ. ಊರವರಿಗೂ ಅದರಿಂದ ತೊಂದರೆ, ಆನೆಗೂ ತೊಂದರೆ. ನಾವು ನಿಲ್ಲಿಸುವುದು ಪರಿಚಯದವರ ಕಣದಲ್ಲಿ, ಕೇಳಿಕೊಂಡು ಬಂಕಿನಲ್ಲಿ, ದೇವಸ್ಥಾನದವರು ಹೂಂ ಅಂದರೆ ಅವರ ಪಾರ್ಕಿಂಗಿನಲ್ಲಿ, ಹೋಂಸ್ಟೇ ಅಂಗಳದಲ್ಲಿ ಬಾಡಿಗೆ ಕೊಟ್ಟು.

ಎಲ್ಲಿ ನಿಲ್ಲುತ್ತೀರಿ ಅನ್ನುವುದು ಗೊತ್ತಾದರೆ ಗಾಡಿ ಎಷ್ಟು ದೊಡ್ಡದಿರಬೇಕು ಅನ್ನುವುದೂ ಗೊತ್ತಾಗುತ್ತದೆ. ಕಾಫಿ ತೋಟದ ದಾರಿಯಲ್ಲಿ ಸಿಲ್ವರ್ ಓಕ್ ಕೊಂಬೆ, ಜೋತುಬಿದ್ದ ಕರೆಂಟ್ ತಂತಿ, ಕಿರಿದಾದ ಗೇಟು ಎಲ್ಲಾ ಇರುತ್ತವೆ. ಛಾವಣಿಯ ಮೇಲೆ ಸೋಲಾರ್, ಅದರ ಮೇಲೆ ಕ್ಯಾರಿಯರ್ ಅಂತ ಎತ್ತರ ಏರಿಸಿಕೊಂಡವರು ಅರ್ಧ ದಾರಿಯಿಂದ ರಿವರ್ಸ್ ಬರಬೇಕು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಎದುರಿಗೆ ಒಂದು ಜೀಪ್ ಬಂದರೆ ಉದ್ದದ ಗಾಡಿಯವರಿಗೆ ಬೆವರು. ಬಸ್ಸಿನಷ್ಟು ದೊಡ್ಡದನ್ನು ಕೊಂಡು ಊರ ಹೊರಗಿನ ಹೈವೇ ಪಕ್ಕ ನಿಲ್ಲಿಸಿಕೊಂಡಿರುವುದಾದರೆ ಲಾಡ್ಜೇ ಮೇಲು, ಅಲ್ವಾ?

ಕೊನೆಗೆ ತೂಕ. ಪ್ರಯಾಣಿಕರ ಟಿಟಿ ಖಾಲಿಯಾದಾಗ ಹಗುರ. ಮೋಟರ್‌ಹೋಮ್ ಯಾವಾಗಲೂ ತುಂಬಿದ ಗಾಡಿ. ಕಪಾಟು, ಮಂಚ, ಬ್ಯಾಟರಿ ಇಳಿಯುವುದೇ ಇಲ್ಲ. ಒಂದು ಲೀಟರ್ ನೀರು ಒಂದು ಕೆಜಿ, ನೂರು ಲೀಟರ್ ಟ್ಯಾಂಕ್ ಅಂದರೆ ನೂರು ಕೆಜಿ. ಸ್ನಾನ ಬಿಟ್ಟರೆ ನಾಲ್ಕು ಜನಕ್ಕೆ ಎರಡು ದಿನಕ್ಕೆ ಆ ನೂರು ಲೀಟರ್ ಸಾಕು, ಇನ್ನೂರರದ್ದು ಕೇಳಬೇಡಿ. ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ, ತಗ್ಗಿನಲ್ಲಿ ಇರಲಿ. ಹಿಂದಿನ ಚಕ್ರದ ಆಚೆ ಭಾರ ಹೇರಿದರೆ ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆಯಾಗುತ್ತದೆ. ಚಾರ್ಮಾಡಿ ಇಳಿಯುವಾಗ ಈ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸಣ್ಣ ಗೇರಿನಲ್ಲಿ ಇಳಿಯದೆ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ.

ಹಾಗಾಗಿ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು. ನೀರು ತುಂಬಿಸಿ, ಡೀಸೆಲ್ ತುಂಬಿಸಿ, ಸಿಲಿಂಡರ್ ಇಟ್ಟು, ಮನೆಯವರನ್ನೆಲ್ಲ ಕೂರಿಸಿ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ಯಿರಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಹತ್ತಿಸಿ ಇನ್ನೊಂದು ಚೀಟಿ. ಎರಡನೇ ಚೀಟಿಯಿಂದ ಮೊದಲನೆಯದನ್ನು ಕಳೆದರೆ ಹಿಂದಿನ ಚಕ್ರದ ಭಾರ ಗೊತ್ತಾಗುತ್ತದೆ. ಎರಡನೇ ಚೀಟಿಯನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಪಕ್ಕ ಇಟ್ಟು ನೋಡಿ. ಬಟ್ಟೆ, ಪಾತ್ರೆ, ದಿನಸಿ ಇನ್ನೂ ಬಂದಿಲ್ಲ, ಅದಕ್ಕೂ ಜಾಗ ಉಳಿದಿರಬೇಕು. ಮಾರುವವರು ತೂಕಕ್ಕೆ ಒಯ್ಯಲು ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.